ಓದುಗರ ಪ್ರಶ್ನೆಗಳಿಗೆ ಉತ್ತರ: ಅಂತರ್ಜಾಲದ ಬಿಡಿಸಿದ ಒಗಟುಗಳು, ಬಿಡಿಸದ ಒಗಟುಗಳು

ಅಂತರ್ಜಾಲದ ನಿಗೂಢಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ದೆವ್ವ, ಶಾಪ ಮತ್ತು ಡಾರ್ಕ್ ವೆಬ್ಬಿನ ರಹಸ್ಯ ಕೋಣೆಗಳ ಕುರಿತಾಗಿದ್ದವು. ಅವುಗಳ ಬಗ್ಗೆ ಹೇಳಲು ನನ್ನ ಬಳಿ ಕತೆಗಳಲ್ಲದೆ ಬೇರೇನೂ ಇಲ್ಲವಾದ್ದರಿಂದ ಅವನ್ನು ಬದಿಗಿಟ್ಟು, ದಾಖಲೆಗಳನ್ನು ಮುಂದಿಟ್ಟುಕೊಂಡು ಉತ್ತರಿಸಬಹುದಾದ ಪ್ರಶ್ನೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ‘ಸಿಕಾಡಾ 3301’ ಎಂಬ ಒಗಟನ್ನು ಇದುವರೆಗೆ ಯಾರೂ ಬಿಡಿಸಿಲ್ಲವೆಂದೂ, ಅದರ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಇದೆಯೆಂದೂ ನನ್ನ ವಿದ್ಯಾರ್ಥಿಗಳು ವಾದಿಸುತ್ತಾರೆ. ಇದರಲ್ಲಿ ನಿಜವೆಷ್ಟು?
— ಗಣಿತ ಶಿಕ್ಷಕರೊಬ್ಬರು, ಸಾಗರ

ಉತ್ತರ: ಮೊದಲನೆಯ ಮಾತು ತಪ್ಪು; ಎರಡನೆಯದಕ್ಕೆ ಆಧಾರವಿಲ್ಲ. ತಾವು ಗಣಿತದವರಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2012ರ ಜನವರಿ ಮೊದಲ ವಾರದಲ್ಲಿ ಫೋರ್‌ಚಾನ್ ಎಂಬ ತಾಣದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಿದ್ದ ಒಂದು ಚಿತ್ರ ಕಾಣಿಸಿಕೊಂಡಿತು. ಅತ್ಯಂತ ಬುದ್ಧಿವಂತರನ್ನು ಹುಡುಕುತ್ತಿದ್ದೇವೆ, ಈ ಚಿತ್ರದೊಳಗೆ ಒಂದು ಸಂದೇಶ ಅಡಗಿದೆ, ಹುಡುಕಿಕೊಳ್ಳಿ ಎಂಬುದು ಅದರ ಒಕ್ಕಣೆ. ಕೆಳಗೆ ಸಹಿಯ ಜಾಗದಲ್ಲಿ 3301 ಎಂಬ ಸಂಖ್ಯೆ. ಆ ಚಿತ್ರದ ಫೈಲನ್ನು ಚಿತ್ರವಾಗಿ ನೋಡುವ ಬದಲು ಸಾದಾ ಬರಹದ ಫೈಲಿನಂತೆ ತೆರೆದವರಿಗೆ, ಗೊಂದಲದ ಅಕ್ಷರರಾಶಿಯ ಕೊನೆಯಲ್ಲಿ, ‘ಟೈಬೀರಿಯಸ್ ಕ್ಲಾಡಿಯಸ್ ಸೀಸರ್ ಹೀಗೆನ್ನುತ್ತಾನೆ’ ಎಂಬ ಇಂಗ್ಲಿಷ್ ಮಾತು ಮತ್ತು ಅದರ ಮುಂದೆ ಅರ್ಥವಿಲ್ಲದ ಒಂದು ಸಾಲು ಕಂಡಿತು. ಆ ಸಾಲಿನ ಮೊದಲ ನಾಲ್ಕು ಅಕ್ಷರಗಳು ಎಲ್, ಎಕ್ಸ್, ಎಕ್ಸ್, ಟಿ. ಕ್ಲಾಡಿಯಸ್ ರೋಮಿನ ನಾಲ್ಕನೆಯ ಚಕ್ರವರ್ತಿ; ಆದ್ದರಿಂದ ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ನಾಲ್ಕು ಮನೆ ಹಿಂದಕ್ಕೆ ಸರಿಸಿದರೆ ಎಚ್, ಟಿ, ಟಿ, ಪಿ ಸಿಗುತ್ತದೆ. ಅಂದರೆ ಅದೊಂದು ಜಾಲತಾಣದ ವಿಳಾಸ. ಅಲ್ಲಿಗೆ ಹೋದರೆ ಸಿಗುತ್ತಿದ್ದದ್ದು ಬಾತುಕೋಳಿಯ ಬೊಂಬೆಯ ಚಿತ್ರ. ಜೊತೆಗೆ ‘ಇದು ಬರೀ ಕಣ್ಕಟ್ಟು, ಸಂದೇಶವನ್ನು ಹೊರತೆಗೆಯುವುದು ಹೇಗೆಂದು ಊಹಿಸಲು ನಿಮ್ಮಿಂದಾಗಿಲ್ಲ’ ಎಂಬ ಮೂದಲಿಕೆ. ಆ ಮೂದಲಿಕೆಯೇ ಮುಂದಿನ ಸುಳಿವಾಗಿತ್ತು. ಇಂಗ್ಲಿಷಿನ ಆ ವಾಕ್ಯದಲ್ಲಿ ‘ಗೆಸ್’ ಮತ್ತು ‘ಔಟ್’ ಎಂಬ ಎರಡು ಪದಗಳಿದ್ದವು. ಔಟ್‌ಗೆಸ್ ಎಂಬುದು ಚಿತ್ರದೊಳಗೆ ಬರಹವನ್ನು ಬಚ್ಚಿಡಲು ಮತ್ತು ತೆಗೆಯಲು ಬಳಸುವ ಒಂದು ಉಚಿತ ತಂತ್ರಾಂಶದ ಹೆಸರು.

ಅಲ್ಲಿಂದ ಮುಂದೆ ಪುಸ್ತಕವೊಂದರ ಸಾಲು ಮತ್ತು ಅಕ್ಷರಗಳನ್ನು ಎಣಿಸಿ ಬಿಡಿಸಬೇಕಾದ ಗುಪ್ತಲಿಪಿ, ಅದರಿಂದ ಟೆಕ್ಸಾಸಿನ ಒಂದು ಫೋನ್ ಸಂಖ್ಯೆ. ಕರೆ ಮಾಡಿದರೆ ಧ್ವನಿಮುದ್ರಿತ ಉತ್ತರ: ಮೊದಲ ಚಿತ್ರಕ್ಕೆ ಸಂಬಂಧಿಸಿದ ಮೂರು ಅವಿಭಾಜ್ಯ ಸಂಖ್ಯೆಗಳಿವೆ, 3301 ಅವುಗಳಲ್ಲೊಂದು, ಉಳಿದೆರಡನ್ನು ಕಂಡುಹಿಡಿದು ಮೂರನ್ನೂ ಗುಣಿಸಿ, ಗುಣಲಬ್ಧದ ಮುಂದೆ ಡಾಟ್ ಕಾಮ್ ಸೇರಿಸಿ. ಉಳಿದೆರಡು ಎಲ್ಲಿದ್ದವೆಂದರೆ, ಚಿತ್ರದ ಅಳತೆಯಲ್ಲಿಯೇ. ಅದರ ಅಗಲ 509 ಪಿಕ್ಸೆಲ್, ಎತ್ತರ 503 ಪಿಕ್ಸೆಲ್. ಎರಡೂ ಅವಿಭಾಜ್ಯ ಸಂಖ್ಯೆಗಳು. ನಾನು ಇದನ್ನು ಬರೆಯುವ ಮೊದಲು ಕಾಗದದ ಮೇಲೆ ಗುಣಿಸಿ ನೋಡಿದೆ: 509 ಗುಣಿಲೆ 503 ಎಂದರೆ 2,56,027; ಅದನ್ನು 3301ರಿಂದ ಗುಣಿಸಿದರೆ 84,51,45,127. ಆ ಸಂಖ್ಯೆಯ ಹೆಸರಿನ ತಾಣದಲ್ಲಿ ಒಂದು ಜೀರುಂಡೆಯ (ಇಂಗ್ಲಿಷಿನಲ್ಲಿ ಇದರ ಹೆಸರೇ ಸಿಕಾಡಾ) ಚಿತ್ರವೂ ಇಳಿಎಣಿಕೆಯ ಗಡಿಯಾರವೂ ಇದ್ದವು. ಎಣಿಕೆ ಮುಗಿದಾಗ ವಾರ್ಸಾ, ಪ್ಯಾರಿಸ್, ಸೋಲ್, ಮಯಾಮಿ, ಸಿಯಾಟಲ್ ಮೊದಲಾದ ನಗರಗಳ ಬೀದಿಗಳ ಅಕ್ಷಾಂಶ-ರೇಖಾಂಶಗಳು ಪ್ರಕಟವಾದವು. ಹೋಗಿ ನೋಡಿದವರಿಗೆ ಕಂಬಗಳ ಮೇಲೆ ಜೀರುಂಡೆಯ ಗುರುತೂ ಕ್ಯೂಆರ್ ಕೋಡೂ ಇದ್ದ ಕಾಗದಗಳು ಸಿಕ್ಕವು.

ಮಲೆನಾಡಿನವರಾದ ತಮಗೆ ಜೀರುಂಡೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಮೆರಿಕದ ಕೆಲವು ಜಾತಿಯ ಜೀರುಂಡೆಗಳು 13 ಅಥವಾ 17 ವರ್ಷಗಳಿಗೊಮ್ಮೆ ಮಾತ್ರ ನೆಲದೊಳಗಿನಿಂದ ಹೊರಬರುತ್ತವೆ. ಇವೆರಡೂ ಅವಿಭಾಜ್ಯ ಸಂಖ್ಯೆಗಳೇ. ಒಗಟು ಹಾಕಿದವರು ಈ ಹುಳುವನ್ನು ಲಾಂಛನವಾಗಿ ಆರಿಸಿಕೊಂಡದ್ದಕ್ಕೆ ಇದೇ ಕಾರಣವಿರಬಹುದೆಂಬುದು ನನ್ನ ಊಹೆ, ಅಷ್ಟೆ.

ಹೀಗೆ ಮೊದಲ ಸುತ್ತಿನ ಕೊನೆಯವರೆಗೆ ತಲುಪಿದವರು ಇದ್ದರು. ಮೊದಲು ಬಂದ ಕೆಲವರನ್ನು ಒಳಗೆ ಸೇರಿಸಿಕೊಂಡು, ‘ನಮಗೆ ಬೇಕಾದದ್ದು ಶ್ರೇಷ್ಠರು, ಹಿಂಬಾಲಕರಲ್ಲ’ ಎಂದು ಉಳಿದವರಿಗೆ ಬಾಗಿಲು ಹಾಕಲಾಯಿತು. ಒಳಗೆ ಹೋದವರಲ್ಲಿ ಒಬ್ಬ ಅಮೆರಿಕದ ಹುಡುಗ ಮುಂದೆ ಪತ್ರಿಕೆಗಳಿಗೆ ಹೇಳಿದಂತೆ, ಅಲ್ಲಿದ್ದದ್ದು ಮಾಹಿತಿ ಸ್ವಾತಂತ್ರ್ಯ ಮತ್ತು ಖಾಸಗಿತನದಲ್ಲಿ ನಂಬಿಕೆಯಿದ್ದ ಒಂದು ಸಣ್ಣ ಗುಂಪು. ಗುಟ್ಟು ಹೊರಹಾಕುವವರನ್ನು ರಕ್ಷಿಸುವ ತಂತ್ರಾಂಶವೊಂದನ್ನು ಬರೆಯುವುದು ಅವರಿಗೆ ಕೊಟ್ಟ ಕೆಲಸ. ಕೆಲಸ ಕುಂಟುತ್ತ ಸಾಗಿ, ಒಬ್ಬೊಬ್ಬರೇ ಕಳಚಿಕೊಂಡು, ಕೊನೆಗೆ ತಾಣವೇ ಮುಚ್ಚಿಹೋಯಿತು. ನಮ್ಮ ಎಷ್ಟೋ ಸಂಘಗಳ ಕತೆಯೂ ಇದೇ ಅಲ್ಲವೇ?

ಗುಪ್ತಚರ ಸಂಸ್ಥೆಯ ಅನುಮಾನ ಹುಟ್ಟಿದ್ದಕ್ಕೆ ಒಂದು ಕಾರಣವಿತ್ತು. ಬ್ರಿಟನ್ನಿನ ಜಿಸಿಎಚ್‌ಕ್ಯೂ ಎಂಬ ಗುಪ್ತಚರ ಸಂಸ್ಥೆಯು 2011ರ ಕೊನೆಯಲ್ಲಷ್ಟೇ ಇಂಥದೊಂದು ಗುಪ್ತಲಿಪಿಯ ಒಗಟನ್ನು ಅಂತರ್ಜಾಲದಲ್ಲಿ ಹಾಕಿತ್ತು. ಆದರೆ ಅದು ನೇಮಕಾತಿಗಾಗಿ ತಾನೇ ಹಾಕಿದ್ದೆಂದು ಹೇಳಿಕೊಂಡಿತು. ಸಿಕಾಡಾದವರು ಹಾಗೆ ಹೇಳಿಕೊಂಡಿಲ್ಲ.

ಬಿಡಿಸದೆ ಉಳಿದದ್ದು ಎರಡು. 2014ರ ಸುತ್ತಿನಲ್ಲಿ ಹೊರಬಂದ, ಉತ್ತರ ಯುರೋಪಿನ ಪ್ರಾಚೀನ ರೂನ್ ಲಿಪಿಯಲ್ಲಿರುವ ‘ಲಿಬರ್ ಪ್ರೈಮಸ್’ ಎಂಬ ಹೊತ್ತಗೆಯಲ್ಲಿ ಕೆಲವೇ ಪುಟಗಳು ಓದಿಗೆ ದಕ್ಕಿದ್ದು, ಐವತ್ತಕ್ಕೂ ಹೆಚ್ಚು ಪುಟಗಳು ಹಾಗೆಯೇ ಇವೆ. ಎರಡನೆಯದು, ಅವರು ಯಾರು ಎಂಬುದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಅವರು ತಮ್ಮ ಸಂದೇಶಗಳಿಗೆ ಪಿಜಿಪಿ ಎಂಬ ವಿಧಾನದ ಡಿಜಿಟಲ್ ಸಹಿ ಹಾಕುತ್ತಿದ್ದರು. ಆ ಸಹಿ ಬರೆದವರ ಹೆಸರನ್ನು ಹೇಳುವುದಿಲ್ಲ, ಆದರೆ ಇಂದಿನ ಸಂದೇಶವನ್ನೂ ಅಂದಿನ ಸಂದೇಶವನ್ನೂ ಬರೆದದ್ದು ಒಂದೇ ಕೀಲಿ ಹೊಂದಿದವರು ಎಂಬುದನ್ನು ಖಚಿತಪಡಿಸುತ್ತದೆ. ನಾವೇ ಸಿಕಾಡಾ ಎಂದು ಹೇಳಿಕೊಂಡು ಬಂದ ನಕಲಿಗಳೆಲ್ಲ ಬಿದ್ದುಹೋದದ್ದು ಈ ಒಂದು ಪರೀಕ್ಷೆಯಲ್ಲಿ. ಈ ಸಹಿಯ ವಿಷಯ ಕೊನೆಯ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ.

ಪ್ರಶ್ನೆ: ‘ಅಂತರ್ಜಾಲದ ಅತ್ಯಂತ ನಿಗೂಢ ಹಾಡು’ ಎಂದು ಕರೆಯುತ್ತಿದ್ದ ಹಾಡಿನ ಮೂಲ ಸಿಕ್ಕಿತಂತೆ. ಸಾವಿರಾರು ಜನ ಹುಡುಕಿದರೂ ಅಷ್ಟು ವರ್ಷ ಯಾಕೆ ಸಿಗಲಿಲ್ಲ?
— ಗೃಹಿಣಿಯೊಬ್ಬರು, ಮೈಸೂರು

ಉತ್ತರ: ಹೌದು, 2024ರ ನವೆಂಬರಿನಲ್ಲಿ ಸಿಕ್ಕಿತು. 1984ರ ಸುಮಾರಿಗೆ ಜರ್ಮನಿಯ ಹದಿಹರೆಯದ ಹುಡುಗನೊಬ್ಬ ಎನ್‌ಡಿಆರ್ ಎಂಬ ಬಾನುಲಿ ಕೇಂದ್ರದಿಂದ ತನಗಿಷ್ಟವಾದ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ನಮ್ಮಲ್ಲಿ ಆಕಾಶವಾಣಿಯ ಚಿತ್ರಗೀತೆಗಳನ್ನು ಟೇಪಿಗೆ ಹಿಡಿಯುತ್ತಿದ್ದವರಿಗೆಲ್ಲ ಆ ಕಸರತ್ತು ಗೊತ್ತು: ರೆಕಾರ್ಡ್ ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಅದುಮಿ, ಪಾಸ್ ಗುಂಡಿಯ ಮೇಲೆ ಬೆರಳಿಟ್ಟು ಕಾದಿದ್ದು, ಉದ್ಘೋಷಕರ ಮಾತು ಮುಗಿದ ಕ್ಷಣವೇ ಬೆರಳೆತ್ತಬೇಕು, ಮನೆಯಲ್ಲಿ ಯಾರೂ ಆಗ ಕುಕ್ಕರ್ ಇಡುವಂತಿಲ್ಲ. ಆ ಹುಡುಗನೂ ಉದ್ಘೋಷಕರ ದನಿ ಬರದಂತೆ ಅಷ್ಟೇ ಎಚ್ಚರ ವಹಿಸಿದ. ಹಾಡಿನ ಹೆಸರೂ ಹಾಡಿದವರ ಹೆಸರೂ ಇದ್ದದ್ದು ಅವನು ಅಷ್ಟು ಜತನದಿಂದ ಕತ್ತರಿಸಿ ಬಿಟ್ಟ ಆ ಮಾತಿನಲ್ಲಿಯೇ.

2007ರಲ್ಲಿ ಅವನ ಸಹೋದರಿ ಆ ಹಾಡಿನ ತುಣುಕನ್ನು ಅಂತರ್ಜಾಲಕ್ಕೆ ಹಾಕಿ ಇದು ಯಾರದೆಂದು ಕೇಳಿದರು. ಹನ್ನೆರಡು ವರ್ಷ ಅದು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 2019ರಲ್ಲಿ ಬ್ರೆಜಿಲಿನ ಹುಡುಗನೊಬ್ಬ ಅದನ್ನು ಎತ್ತಿಕೊಂಡು ಎಲ್ಲೆಡೆ ಹಂಚಿದ ಮೇಲೆ ಹುಡುಕಾಟ ಜಗತ್ತಿನಾದ್ಯಂತ ಹಬ್ಬಿತು. ಹಾಡಿನಲ್ಲಿ ಕೇಳಿಸುವ ವಾದ್ಯ ಯಮಹಾ ಡಿಎಕ್ಸ್7 ಸಿಂಥಸೈಜರ್ ಇರಬಹುದೆಂದೂ, ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಾದ್ದರಿಂದ ಹಾಡು ಅದಕ್ಕಿಂತ ಹಳೆಯದಲ್ಲವೆಂದೂ ಕೆಲವರು ತರ್ಕಿಸಿದರು. ಜರ್ಮನಿಯ ಹಕ್ಕುಸ್ವಾಮ್ಯ ಸಂಸ್ಥೆಯನ್ನು ಕೇಳಿದರು, ಆ ಕಾಲದ ಬಾನುಲಿ ನಿರೂಪಕರನ್ನು ಕೇಳಿದರು. ಹಾಡು ನಮ್ಮದೇ ಎಂದು ಹೇಳಿಕೊಂಡವರೂ ಇದ್ದರು.

ಗುರುತಿಸುವ ಯಂತ್ರಗಳಿಗೆ ಅದು ಸಿಗದಿರಲು ಕಾರಣ ಸರಳ. ಹಾಡನ್ನು ಕೇಳಿ ಹೆಸರು ಹೇಳುವ ತಂತ್ರಾಂಶಗಳು ತಮ್ಮ ಭಂಡಾರದಲ್ಲಿರುವ ಹಾಡಿನೊಂದಿಗೆ ತಾಳೆ ನೋಡುತ್ತವೆಯೇ ಹೊರತು ಅವುಗಳಿಗೆ ಬೇರೆ ವಿದ್ಯೆ ತಿಳಿಯದು. ಈ ಹಾಡು ಆಗ ತಟ್ಟೆಯಾಗಿ ಮಾರಾಟಕ್ಕೆ ಬಂದಿರಲೇ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಪತ್ರಿಕೆಗಳು. ಎನ್‌ಡಿಆರ್‌ಗೆ ಸಂಬಂಧಿಸಿದ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ ಸ್ಥಳೀಯ ತಂಡಗಳ ಸುದ್ದಿಯನ್ನು ಒಬ್ಬ ಹುಡುಕುಗ 1984ರ ಪ್ರಾದೇಶಿಕ ಪತ್ರಿಕೆಗಳಲ್ಲಿ ಒಂದೊಂದಾಗಿ ತಿರುವಿಹಾಕಿ, ಕೀಲ್ ನಗರದ ಫೆಕ್ಸ್ ಎಂಬ ತಂಡದ ಹಳೆಯ ಸದಸ್ಯರೊಬ್ಬರಿಗೆ ಬರೆದು ಕೇಳಿದ. ಅವರ ಬಳಿ ಅದೇ ಹಾಡಿನ ಕ್ಯಾಸೆಟ್ ಇತ್ತು. ಹಾಡಿನ ಹೆಸರು ‘ಸಬ್‌ವೇಸ್ ಆಫ್ ಯುವರ್ ಮೈಂಡ್’. ತಮ್ಮ ಹಾಡನ್ನು ಜಗತ್ತು ಇಷ್ಟು ವರ್ಷ ಹುಡುಕುತ್ತಿತ್ತೆಂಬುದು ಹಾಡಿದವರಿಗೇ ತಿಳಿದಿರಲಿಲ್ಲ. ಈ ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುವುದು ಇದೊಂದೇ.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ‘ಮೊಮೊ’ ಎಂಬ ಭಯಂಕರ ಮುಖದ ಹೆಂಗಸು ವಾಟ್ಸಾಪಿನಲ್ಲಿ ಮಕ್ಕಳಿಗೆ ಅಪಾಯದ ಕೆಲಸಗಳನ್ನು ಒಪ್ಪಿಸುತ್ತಾಳೆಂದು ನಮ್ಮ ಪೋಷಕರ ಗುಂಪಿನಲ್ಲಿ ದಿನವೂ ಸಂದೇಶ ಬರುತ್ತಿತ್ತು. ಆಕೆ ಯಾರು? ಈಗ ಎಲ್ಲಿ ಹೋದಳು?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಆಕೆ ಹೆಂಗಸಲ್ಲ ತಾಯಿ, ಬೊಂಬೆ. ಜಪಾನಿನ ಕಲಾವಿದ ಕೈಸುಕೆ ಐಸೊ ಮಾಡಿದ, 2016ರಲ್ಲಿ ಟೋಕಿಯೊದ ಗ್ಯಾಲರಿಯೊಂದರಲ್ಲಿ ಪ್ರದರ್ಶನಕ್ಕಿಟ್ಟ ಶಿಲ್ಪ. ಹೆರಿಗೆಯಲ್ಲಿ ಸತ್ತ ಹೆಂಗಸಿನ ಪ್ರೇತದ ಬಗ್ಗೆ ಜಪಾನಿನಲ್ಲಿರುವ ಹಳೆಯ ನಂಬಿಕೆಯೊಂದು ಅದಕ್ಕೆ ಆಧಾರ. ಪೂರ್ತಿ ಶಿಲ್ಪವನ್ನು ನೋಡಿದರೆ ಕೆಳಗೆ ಹಕ್ಕಿಯ ಕಾಲುಗಳಿವೆ. ಹರಿದಾಡಿದ ಚಿತ್ರದಲ್ಲಿ ಅದನ್ನೆಲ್ಲ ಕತ್ತರಿಸಿ ಮುಖವೊಂದನ್ನೇ ಉಳಿಸಿಕೊಂಡಿದ್ದರು. ಶಿಲ್ಪದ ರಬ್ಬರು ಕೊಳೆತುಹೋದದ್ದರಿಂದ 2018ರಲ್ಲೇ ಅದನ್ನು ಎಸೆದುಬಿಟ್ಟೆನೆಂದು ಕಲಾವಿದರು ನಂತರ ಹೇಳಿದರು. ಜಗತ್ತು ಅದಕ್ಕೆ ಹೆದರಿ ನಡುಗುತ್ತಿದ್ದಾಗ ಅದು ಕಸದ ಪಾಲಾಗಿತ್ತು.

2018ರಲ್ಲಿ ನಮ್ಮ ದೇಶದ ಪೊಲೀಸರೂ ಕೆಲವೆಡೆ ಎಚ್ಚರಿಕೆ ಹೊರಡಿಸಿದರು, ಶಾಲೆಗಳು ಸುತ್ತೋಲೆ ಕಳಿಸಿದವು. 2019ರ ಫೆಬ್ರುವರಿಯಲ್ಲಿ ಬ್ರಿಟನ್ನಿನಿಂದ ಮತ್ತೊಂದು ಅಲೆ ಎದ್ದಾಗ, ಅಂಥ ಸವಾಲಿಗೆ ಪ್ರಚೋದಿಸುವ ವೀಡಿಯೊಗಳ ಪುರಾವೆ ತನಗೆ ಈಚೆಗೆ ಕಂಡಿಲ್ಲವೆಂದು ಯೂಟ್ಯೂಬ್ ತಿಳಿಸಿತು. ಅದಕ್ಕೂ ಮೊದಲು, 2017ರಲ್ಲಿ, ‘ಬ್ಲೂ ವೇಲ್’ ಎಂಬ ಆಟದ ಬಗ್ಗೆಯೂ ಇದೇ ಗಾಬರಿ ಹಬ್ಬಿತ್ತು. ವರದಿಯಾದ ಪ್ರಕರಣಗಳನ್ನು ಪರಿಶೀಲಿಸಿದ ಸಮಿತಿಗೆ ಆ ಆಟವೇ ಕಾರಣವೆಂಬುದಕ್ಕೆ ಪುರಾವೆ ಸಿಗಲಿಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು.

ಇಲ್ಲಿ ಅಂತರ್ಜಾಲದ್ದು ವೇಗ ಮಾತ್ರ, ರೋಗ ಹಳೆಯದು. 1990ರ ದಶಕದಲ್ಲಿ ಬೆಂಗಳೂರಿನ ಮತ್ತು ಸುತ್ತಲಿನ ಊರುಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮನೆಯವರದೇ ದನಿಯಲ್ಲಿ ಕೂಗಿ ಕರೆಯುವ ದೆವ್ವ ಆ ಬರಹವನ್ನು ಓದಿ ವಾಪಸಾಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಅಕ್ಷರಸ್ಥ ದೆವ್ವವೆಂದು ಆಗಲೇ ನಗುತ್ತಿದ್ದವರೂ ರಾತ್ರಿಯೊಳಗೆ ಬಾಗಿಲ ಮೇಲೆ ಬರೆಯದೆ ಬಿಡುತ್ತಿರಲಿಲ್ಲ. ಬರೆಯುವುದರಿಂದ ನಷ್ಟವೇನು ಎಂಬ ಲೆಕ್ಕವದು. ಸಂದೇಶವನ್ನು ಮುಂದಕ್ಕೆ ಕಳಿಸುವ ತಾಯಂದಿರ ಲೆಕ್ಕವೂ ಅದೇ. ಆದರೆ ಇಲ್ಲಿ ನಷ್ಟವಿದೆ: ಎಚ್ಚರಿಕೆಯ ಸಂದೇಶದ ಜೊತೆಗೆ ಹೋಗುವ ಆ ಚಿತ್ರವನ್ನು ಕಂಡು ಹೆದರುವುದು ಮಕ್ಕಳೇ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಜಾಲತಾಣ ತೆರೆದರೆ ನನ್ನ ಊರು ಚೆನ್ನೈ ಎಂದು ತೋರಿಸುತ್ತದೆ. ನನ್ನ ಕಂಪ್ಯೂಟರನ್ನು ಯಾರಾದರೂ ದೂರದಿಂದ ಬಳಸುತ್ತಿದ್ದಾರೆಯೇ?
— ಅಡಿಕೆ ವ್ಯಾಪಾರಿಯೊಬ್ಬರು, ಶಿವಮೊಗ್ಗ

ಉತ್ತರ: ಇದೊಂದರಿಂದಲೇ ಹಾಗೆಂದು ಹೆದರಬೇಕಾಗಿಲ್ಲ. ಕಂಪ್ಯೂಟರಿನ ಐಪಿ ವಿಳಾಸವು ಅಂಚೆ ವಿಳಾಸವಲ್ಲ. ಅಂತರ್ಜಾಲ ಒದಗಿಸುವ ಕಂಪನಿಗೆ ಹಂಚಿಕೆಯಾದ ಸಂಖ್ಯೆ. ಆ ಸಂಖ್ಯೆ ಯಾವ ಊರಿನದೆಂದು ಊಹಿಸಿ ಪಟ್ಟಿ ಮಾಡಿ ಮಾರುವ ಕಂಪನಿಗಳಿವೆ. ನಿಮ್ಮ ಸಂಪರ್ಕ ಚೆನ್ನೈನ ಕೇಂದ್ರದ ಮೂಲಕ ಹೊರಜಗತ್ತಿಗೆ ಹೋಗುತ್ತಿದ್ದರೆ ಪಟ್ಟಿ ಚೆನ್ನೈ ಎನ್ನುತ್ತದೆ.

ಈ ಊಹೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಎಂಬ ಸಣ್ಣ ಊರಿನ ಹತ್ತಿರದ ಒಂದು ಹೊಲದ ಮನೆ ಸಾಕ್ಷಿ. ವರ್ಷಗಟ್ಟಲೆ ಆ ಮನೆಗೆ ಪೊಲೀಸರು, ಕೇಂದ್ರ ತನಿಖಾಧಿಕಾರಿಗಳು, ತೆರಿಗೆಯವರು, ಆಂಬುಲೆನ್ಸಿನವರು ಬರುತ್ತಲೇ ಇದ್ದರು. ಕದ್ದ ಟ್ರಕ್ ಇಲ್ಲಿದೆ, ಮನೆ ಬಿಟ್ಟು ಓಡಿಹೋದ ಮಕ್ಕಳು ಇಲ್ಲಿದ್ದಾರೆ, ವಂಚಕರು ಇಲ್ಲಿಂದಲೇ ಇ-ಮೇಲ್ ಕಳಿಸಿದ್ದಾರೆ ಎಂಬಂಥ ಆರೋಪಗಳು. ಮನೆಯವರಿಗೆ ತಲೆಬುಡ ತಿಳಿಯದು. ಗುಟ್ಟು ಹೊರಬಿದ್ದದ್ದು 2016ರಲ್ಲಿ, ಪತ್ರಕರ್ತೆಯೊಬ್ಬರ ತನಿಖೆಯಿಂದ. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ ತನ್ನ ಪಟ್ಟಿಯಲ್ಲಿ, ಅಮೆರಿಕದ್ದೆಂದು ಗೊತ್ತಿದ್ದೂ ಊರು ಗೊತ್ತಿಲ್ಲದ ಐಪಿ ವಿಳಾಸಗಳಿಗೆಲ್ಲ ದೇಶದ ನಡುಭಾಗದ ಒಂದು ಬಿಂದುವನ್ನು ಕೊಟ್ಟಿತ್ತು. ನಿಜವಾದ ಮಧ್ಯಬಿಂದುವಿನ ಅಂಕಿಗಳು ಉದ್ದವಾದವೆಂದು ಅದನ್ನು ಸರಳಗೊಳಿಸಿ 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದಿಟ್ಟುಕೊಂಡಿತ್ತು. ಆ ದುಂಡಗಿನ ಅಂಕಿ ಹೋಗಿ ಬಿದ್ದದ್ದು ಈ ಹೊಲದ ಮೇಲೆ. ಹೀಗೆ 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಒಂದೇ ಮನೆಯ ಅಂಗಳಕ್ಕೆ ಬಂದು ಕೂತಿದ್ದವು. ವಿಷಯ ತಿಳಿದ ಮೇಲೆ ಕಂಪನಿ ಆ ಬಿಂದುವನ್ನು ವಿಚಿಟಾ ನಗರದ ಪಶ್ಚಿಮಕ್ಕಿರುವ ಒಂದು ಜಲಾಶಯದ ನಡುವಿಗೆ ಸರಿಸಿತು. ಇನ್ನು ಪೊಲೀಸರು ದೋಣಿ ತೆಗೆದುಕೊಂಡೇ ಹೋಗಬೇಕು.

ಪ್ರಶ್ನೆ: ನನ್ನ ಮೊಬೈಲಿನಲ್ಲಿರುವ ಒಂದು ಫೋಟೊ 1970ರ ಜನವರಿ 1ರಂದು ಬೆಳಿಗ್ಗೆ 5.30ಕ್ಕೆ ತೆಗೆದದ್ದೆಂದು ತೋರಿಸುತ್ತದೆ. ಆಗ ನಾನು ಹುಟ್ಟಿಯೇ ಇರಲಿಲ್ಲ. ಏನಿದು?
— ಓದುಗರೊಬ್ಬರು, ಕಲಬುರಗಿ

ಉತ್ತರ: ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಯ ಪದ್ಧತಿಯನ್ನು ಅನುಸರಿಸುವ ಯಂತ್ರಗಳು, ನಿಮ್ಮ ಮೊಬೈಲೂ ಸೇರಿ, ಕಾಲವನ್ನು 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಫೋಟೊದ ದಿನಾಂಕ ಅಳಿಸಿಹೋಗಿ ಅಲ್ಲಿ ಸೊನ್ನೆ ಉಳಿದರೆ ಯಂತ್ರ ಆ ಸೊನ್ನೆಯನ್ನೇ ದಿನಾಂಕವಾಗಿ ಓದುತ್ತದೆ. ಗ್ರೀನಿಚ್ಚಿನ ಮಧ್ಯರಾತ್ರಿ ನಮಗೆ ಬೆಳಗಿನ ಐದೂವರೆ. ಅಮೆರಿಕದವರಿಗೆ ಇದೇ ಸೊನ್ನೆ 1969ರ ಡಿಸೆಂಬರ್ 31ರ ಸಂಜೆಯಾಗಿ ಕಾಣುತ್ತದೆ. 2015ರ ಕೊನೆಯ ದಿನ ಫೇಸ್‌ಬುಕ್ ಅನೇಕರಿಗೆ ‘ನಿಮ್ಮ ಸ್ನೇಹಕ್ಕೆ 46 ವರ್ಷ’ ಎಂದು ಶುಭಾಶಯ ಹೇಳಿ ನಗೆಪಾಟಲಾದದ್ದಕ್ಕೂ ಈ ಸೊನ್ನೆಯೇ ಕಾರಣವೆಂದು ಬಲ್ಲವರು ಹೇಳಿದರು.

ಪ್ರಶ್ನೆ: 2036ನೇ ಇಸವಿಯಿಂದ ಬಂದ ಜಾನ್ ಟೈಟರ್ ಎಂಬಾತ ಹೇಳಿದ ಕಂಪ್ಯೂಟರಿನ ರಹಸ್ಯ ನಿಜವಾಯಿತಂತೆ. ಹಾಗಾದರೆ ಅವನು ಕಾಲಯಾತ್ರಿಕನೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅಲ್ಲ. ಆದರೆ ಕಂಪ್ಯೂಟರಿನ ವಿಷಯ ನಿಜವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯೋಣ. 2000ದ ಕೊನೆಯಿಂದ 2001ರ ಮಾರ್ಚ್‌ವರೆಗೆ ಅಂತರ್ಜಾಲದ ಚರ್ಚಾತಾಣಗಳಲ್ಲಿ ಈ ಹೆಸರಿನಲ್ಲಿ ಬರೆಯುತ್ತಿದ್ದವನು, ತನ್ನನ್ನು 1975ರ ಐಬಿಎಂ 5100 ಕಂಪ್ಯೂಟರನ್ನು ತರಲು ಕಳಿಸಿದ್ದಾರೆ, ಅದು ಐಬಿಎಮ್ಮಿನ ಹಳೆಯ ದೊಡ್ಡ ಯಂತ್ರಗಳಿಗೆ ಬರೆದ ಪ್ರೋಗ್ರಾಮುಗಳನ್ನೂ ನಡೆಸಬಲ್ಲದು ಎಂದಿದ್ದ. ಆ ಸಾಮರ್ಥ್ಯವಿದ್ದದ್ದು ನಿಜವೆಂದು ಅದರ ತಯಾರಿಕೆಯಲ್ಲಿದ್ದ ಎಂಜಿನಿಯರೊಬ್ಬರು ಮುಂದೆ ಹೇಳಿದರು. ಆದರೆ ಯೋಚಿಸಿ: 1975ರಲ್ಲಿ ತಯಾರಾದ ಯಂತ್ರದ ಒಳಗುಟ್ಟು 2000ದಲ್ಲಿ ಒಬ್ಬನಿಗೆ ತಿಳಿದಿತ್ತೆಂದರೆ ಅವನು ಭೂತಕಾಲವನ್ನು ಬಲ್ಲವನೆಂದು ಸಾಬೀತಾಗುತ್ತದೆ, ಭವಿಷ್ಯವನ್ನಲ್ಲ. ಆ ಯಂತ್ರದ ಮೇಲೆ ಕೆಲಸ ಮಾಡಿದ ಯಾರಿಗಾದರೂ ಅದು ತಿಳಿದಿರಬಹುದಿತ್ತು.

ಭವಿಷ್ಯದ ಬಗ್ಗೆ ಅವನು ಹೇಳಿದ್ದರಲ್ಲಿ ಅಮೆರಿಕದ ಅಂತರ್ಯುದ್ಧ ನಡೆಯಲಿಲ್ಲ, 2015ರ ಅಣುಯುದ್ಧವೂ ನಡೆಯಲಿಲ್ಲ. ಯಂತ್ರ ಯಾಕೆ ಬೇಕೆಂಬುದಕ್ಕೆ ಅವನು ಕೊಟ್ಟ ಕಾರಣ ಮಾತ್ರ ನೆಲದ ಮೇಲಿನದು. ಹಿಂದಿನ ಉತ್ತರದಲ್ಲಿ ಹೇಳಿದ ಸೆಕೆಂಡುಗಳ ಎಣಿಕೆಯನ್ನು ಹಳೆಯ ಯಂತ್ರಗಳು 32 ಬಿಟ್‌ಗಳಲ್ಲಿ ಇಡುತ್ತವೆ. ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋಗುವುದರಿಂದ ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಭಾರತೀಯ ಕಾಲಮಾನದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ತುಂಬುತ್ತದೆ. ಮರುಕ್ಷಣ ಅಂಥ ಯಂತ್ರಗಳು ತಾವು 1901ರಲ್ಲಿದ್ದೇವೆಂದು ತಿಳಿಯುತ್ತವೆ. ಹೊಸ ಯಂತ್ರಗಳಿಗೆ 64 ಬಿಟ್ ಇರುವುದರಿಂದ ಚಿಂತೆಯಿಲ್ಲ. ಹಳೆಯ ನೀರಿನ ಪಂಪು, ಲಿಫ್ಟು, ಮೀಟರುಗಳೊಳಗೆ ಕೂತಿರುವ ಸಣ್ಣ ಚಿಪ್ಪುಗಳ ಬಗ್ಗೆ ಯೋಚಿಸುವುದು ನಿಮ್ಮಂಥ ವಿದ್ಯಾರ್ಥಿಗಳಿಗೆ ಕಾಲಯಾತ್ರಿಕನಿಗಿಂತ ಹೆಚ್ಚು ಲಾಭದ ವಿಷಯ.

ಪ್ರಶ್ನೆ: ಯೂಟ್ಯೂಬಿನಲ್ಲಿ ಬರೀ ಕೆಂಪು ಮತ್ತು ನೀಲಿ ಆಯತಗಳಿರುವ ಸಾವಿರಾರು ವೀಡಿಯೊಗಳು ಗೂಢಚಾರರಿಗೆ ಕಳಿಸುವ ಸಂಕೇತಗಳೆಂದು ಕೇಳಿದ್ದೇನೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಹೇಳುತ್ತಿರುವುದು ‘ವೆಬ್‌ಡ್ರೈವರ್ ಟಾರ್ಸೊ’ ಎಂಬ ಖಾತೆಯ ಬಗ್ಗೆ. ಪ್ರತಿ ವೀಡಿಯೊ 11 ಸೆಕೆಂಡ್, ಆಯತಗಳು, ಒಂದೊಂದಕ್ಕೂ ಒಂದು ಬೀಪ್. ಅದು ಹಾಕಿದ ವೀಡಿಯೊವನ್ನು ಯೂಟ್ಯೂಬ್ ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಲು ಗೂಗಲ್ ತಾನೇ ಇಟ್ಟುಕೊಂಡಿದ್ದ ಖಾತೆ. 2014ರಲ್ಲಿ ಕಂಪನಿ ಇದನ್ನು ಹಾಸ್ಯದ ಧಾಟಿಯಲ್ಲಿ ಒಪ್ಪಿಕೊಂಡಿತು. ಮದುವೆ ಮನೆಯಲ್ಲಿ ಮೈಕಿನವನು ‘ಹಲೋ, ಚೆಕ್, ಚೆಕ್’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿರಲಿಲ್ಲ.

ಪ್ರಶ್ನೆ: ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಮೊಟೊ ಯಾರೆಂದು ಇನ್ನೂ ತಿಳಿದಿಲ್ಲವೆಂಬುದನ್ನು ನಂಬುವುದು ಕಷ್ಟ. ಅಷ್ಟು ದೊಡ್ಡ ಸಂಪತ್ತನ್ನು ಮುಟ್ಟದೆ ಯಾರಾದರೂ ಸುಮ್ಮನಿರುತ್ತಾರೆಯೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಉತ್ತರ: ಬ್ಯಾಂಕಿನಲ್ಲಿ ದುಡಿದವರಿಂದ ಬರಬೇಕಾದ ಪ್ರಶ್ನೆಯೇ ಬಂದಿದೆ. 2008ರ ಅಕ್ಟೋಬರ್ 31ರಂದು ಈ ಹೆಸರಿನಲ್ಲಿ, ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಕಲ್ಪನೆಯನ್ನು ವಿವರಿಸುವ ಒಂಬತ್ತು ಪುಟಗಳ ಪ್ರಬಂಧವೊಂದು ಪ್ರಕಟವಾಯಿತು. 2009ರ ಜನವರಿ 3ರ ದಿನಾಂಕ ಹೊತ್ತ ಮೊದಲ ಬ್ಲಾಕ್, ಅಂದರೆ ಖಾತೆಪುಸ್ತಕದ ಮೊದಲ ಹಾಳೆ, ಸಿದ್ಧವಾದಾಗ ಅದರೊಳಗೆ ಅಂದಿನ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹವನ್ನು ಸೇರಿಸಲಾಗಿತ್ತು: ಬ್ಯಾಂಕುಗಳನ್ನು ಉಳಿಸಲು ಹಣಕಾಸು ಸಚಿವರು ಎರಡನೆಯ ಬಾರಿ ನೆರವಿಗೆ ಮುಂದಾಗುವ ಹಂತದಲ್ಲಿದ್ದಾರೆ ಎಂಬ ಸುದ್ದಿ. ಅಪಹರಣಕಾರರು ಒತ್ತೆಯಾಳಿನ ಕೈಗೆ ಅಂದಿನ ಪತ್ರಿಕೆ ಕೊಟ್ಟು ಫೋಟೊ ತೆಗೆಯುವಂತೆ, ಅದಕ್ಕಿಂತ ಮೊದಲು ಇದು ತಯಾರಾಗಿರಲಿಲ್ಲವೆಂಬುದಕ್ಕೆ ಅದು ಸಾಕ್ಷಿ. ಬ್ಯಾಂಕುಗಳ ಮೇಲಿನ ಟೀಕೆಯೂ ಇರಬಹುದು.

ಸತೋಶಿ ಸಾರ್ವಜನಿಕವಾಗಿ ಕೊನೆಯ ಬಾರಿ ಬರೆದದ್ದು 2010ರ ಡಿಸೆಂಬರಿನಲ್ಲಿ. 2011ರ ಏಪ್ರಿಲಿನಲ್ಲಿ ಜೊತೆಯ ತಂತ್ರಜ್ಞರೊಬ್ಬರಿಗೆ, ತಾನು ಬೇರೆ ಕೆಲಸಗಳಿಗೆ ಹೊರಳಿದ್ದೇನೆ ಎಂಬ ಅರ್ಥದ ಇ-ಮೇಲ್ ಕಳಿಸಿದ ಬಳಿಕ ಆ ದನಿ ನಿಂತೇಹೋಯಿತು. ಮೊದಲ ದಿನಗಳ ಬ್ಲಾಕುಗಳ ಮಾದರಿಯನ್ನು ಅಭ್ಯಸಿಸಿದವರ ಅಂದಾಜಿನಂತೆ ಸುಮಾರು 11 ಲಕ್ಷ ಬಿಟ್‌ಕಾಯಿನ್‌ಗಳು ಸತೋಶಿಯವು. ಒಟ್ಟು ಹುಟ್ಟಬಹುದಾದದ್ದೇ 2.1 ಕೋಟಿ. ಅವು ಬಹುಮಟ್ಟಿಗೆ ಕದಲಿಲ್ಲ.

ಸುಳಿವುಗಳೇನೋ ಇವೆ, ಆದರೆ ಒಂದು ಇನ್ನೊಂದರ ಕಾಲೆಳೆಯುತ್ತದೆ. ಹೆಸರು ಜಪಾನಿನದು, ಇಂಗ್ಲಿಷಿನ ಕಾಗುಣಿತ ಹೆಚ್ಚಾಗಿ ಬ್ರಿಟನ್ನಿನದು, ಬರಹಗಳ ಸಮಯವನ್ನು ಜೋಡಿಸಿ ನೋಡಿದವರಿಗೆ ಗ್ರೀನಿಚ್ ಕಾಲಮಾನದ ಬೆಳಿಗ್ಗೆ 5ರಿಂದ 11ರವರೆಗೆ, ಅಂದರೆ ನಮ್ಮ ಹತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ, ಬರಹವೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡಿತು. ಆ ಹೊತ್ತು ಅಮೆರಿಕದಲ್ಲಿ ರಾತ್ರಿ. ಸತೋಶಿಯಿಂದ ಮೊದಲ ವರ್ಗಾವಣೆಯಾಗಿ 10 ಬಿಟ್‌ಕಾಯಿನ್ ಪಡೆದ ಅಮೆರಿಕದ ತಂತ್ರಜ್ಞ ಹಾಲ್ ಫಿನ್ನಿಯ ಮೇಲೂ ಅನುಮಾನವಿತ್ತು. ಅವರು ಅಲ್ಲಗಳೆಯುತ್ತಲೇ 2014ರಲ್ಲಿ ತೀರಿಕೊಂಡರು. ಅದೇ ವರ್ಷ ನ್ಯೂಸ್‌ವೀಕ್ ಪತ್ರಿಕೆ ಕ್ಯಾಲಿಫೋರ್ನಿಯಾದ ಹಿರಿಯರೊಬ್ಬರನ್ನು ಅವರ ಅಡ್ಡಹೆಸರು ನಕಮೊಟೊ ಎಂಬ ಕಾರಣಕ್ಕೂ ಸೇರಿಸಿ ಸತೋಶಿ ಎಂದು ಬರೆದು, ಅವರ ಮನೆಯ ಮುಂದೆ ಕ್ಯಾಮೆರಾಗಳ ಜಾತ್ರೆ ನೆರೆಯುವಂತೆ ಮಾಡಿತು. ಅವರು ಅಲ್ಲವೆಂದರು. ನಾನೇ ಸತೋಶಿ ಎಂದು ವರ್ಷಗಟ್ಟಲೆ ಹೇಳಿಕೊಂಡ ಆಸ್ಟ್ರೇಲಿಯಾದ ಕ್ರೇಗ್ ರೈಟ್ ಅವರ ವಾದವನ್ನು 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹೈಕೋರ್ಟ್ ತಳ್ಳಿಹಾಕಿತು.

ಮೊದಲ ಉತ್ತರದಲ್ಲಿ ಡಿಜಿಟಲ್ ಸಹಿಯ ವಿಷಯ ಮತ್ತೆ ಬರುತ್ತದೆಂದದ್ದು ಇದಕ್ಕಾಗಿ. ಬ್ಯಾಂಕಿನ ಕೌಂಟರಿನಲ್ಲಿ ತಾವು ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಂದಿಗೆ ತಾಳೆ ನೋಡುತ್ತಿದ್ದಂತೆ, ಇಲ್ಲಿಯೂ ಮಾದರಿ ಸಹಿ ಎಲ್ಲರ ಕಣ್ಣೆದುರೇ ಇದೆ. ನಿಜವಾದ ಸತೋಶಿಯಾದರೆ ಮೊದಲ ಬ್ಲಾಕುಗಳ ಕೀಲಿಯಿಂದ ಒಂದು ಸಾಲಿಗೆ ಸಹಿ ಹಾಕಿದರೆ ಸಾಕು. ಕೆಲವೇ ನಿಮಿಷಗಳ ಕೆಲಸ. ಇದುವರೆಗೆ ಯಾರೂ ಎಲ್ಲರೂ ಒಪ್ಪುವಂಥ ಸಹಿಯೊಂದನ್ನು ಮುಂದಿಟ್ಟಿಲ್ಲ. ಹಾಗಾಗಿ ತಮ್ಮ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರಗಳು ಮೂರೇ: ಆ ವ್ಯಕ್ತಿ ಬದುಕಿಲ್ಲ, ಕೀಲಿ ಕಳೆದುಹೋಗಿದೆ, ಇಲ್ಲವೇ ಆ ಹಣವನ್ನು ಮುಟ್ಟಿದ ದಿನವೇ ತನ್ನ ಹಿಂದೆ ಜಗತ್ತೆಲ್ಲ ಬೀಳುತ್ತದೆಂದು ಗೊತ್ತಿದ್ದು ಸುಮ್ಮನಿದ್ದಾರೆ. ಒಂದನ್ನು ಆರಿಸಲೇಬೇಕೆಂದರೆ ಮೊದಲನೆಯದರ ಕಡೆಗೆ ನನ್ನ ಒಲವು. ಬೀರುವಿನ ಕೀಲಿ ಎಲ್ಲಿದೆಯೆಂದು ಹೇಳದೆ ಹೋದ ಯಜಮಾನರನ್ನು ಲಾಕರ್ ವಿಭಾಗದವರು ಬೇಕಾದಷ್ಟು ಕಂಡಿರುತ್ತಾರೆ.

ಇನ್ನೊಂದು ಸಂಗತಿ ತಮಗೆ ಕುತೂಹಲ ತರಬಹುದು. ಮೊದಲ ಬ್ಲಾಕಿನಲ್ಲಿ ಹುಟ್ಟಿದ 50 ಬಿಟ್‌ಕಾಯಿನ್‌ಗಳನ್ನು, ತಂತ್ರಾಂಶ ಬರೆದಿರುವ ರೀತಿಯಿಂದಾಗಿ, ಖರ್ಚು ಮಾಡಲು ಬರುವುದೇ ಇಲ್ಲ. ಆದರೂ ಆ ವಿಳಾಸಕ್ಕೆ ಜಗತ್ತಿನ ಮೂಲೆಮೂಲೆಯಿಂದ ಜನ ಚೂರುಪಾರು ಬಿಟ್‌ಕಾಯಿನ್ ಕಳಿಸುತ್ತಲೇ ಇದ್ದಾರೆ, ಗುಡಿಯ ಹುಂಡಿಗೆ ಕಾಣಿಕೆ ಹಾಕಿದಂತೆ. 2024ರ ಜನವರಿಯಲ್ಲಿ ಯಾರೋ ಒಬ್ಬರು ಒಂದೇ ಸಲಕ್ಕೆ ಸುಮಾರು 27 ಬಿಟ್‌ಕಾಯಿನ್ ಹಾಕಿದರು. ಆಗಿನ ಬೆಲೆಯಲ್ಲಿ ಅದು ಸುಮಾರು 12 ಲಕ್ಷ ಡಾಲರ್. ಕಳಿಸಿದವರು ಯಾರು, ಯಾಕೆ ಕಳಿಸಿದರು ಎಂಬುದು ಯಾರಿಗೂ ತಿಳಿದಿಲ್ಲ.